ಗುರುಮಲ್ಲಯ್ಯನ ಕಾರು ಆರತಿ ಒಲ್ಲೆ ಎಂದದ್ದು

ಬೇಗೂರಿನ ಗುರುಮಲ್ಲಯ್ಯ ಬದುಕಿನಲ್ಲಿ ಆಸೆಪಟ್ಟದ್ದು ಒಂದು ಬೋರ್ಡಿಗೆ. ಊಟದ ತಟ್ಟೆಯಷ್ಟು ಅಗಲದ ಕೆಂಪು ತಗಡು, ಅದರ ಮೇಲೆ ಬಿಳಿ ಅಕ್ಷರದಲ್ಲಿ ‘ಸರ್ಕಾರಿ ಸೇವೆಯಲ್ಲಿ’ ಎಂಬ ಬರಹ, ಅದು ತನ್ನ ಕಾರಿನ ಮುಂದಿನ ಗಾಜಿನ ಹಿಂದೆ ಎದ್ದು ನಿಂತಿರಬೇಕು. ಇಷ್ಟೇ. ಊರಿನ ಬೇರೆಯವರು ದೇವರ ಮುಂದೆ ನಿಂತು ಗಂಡು ಸಂತಾನ, ಕೊಳವೆಬಾವಿಗೆ ನೀರು, ದಾಯಾದಿಗೆ ಲಕ್ವ ಮುಂತಾದ ಸಾಮಾನ್ಯ ವರಗಳನ್ನು ಕೇಳುತ್ತಿದ್ದಾಗ ಇವನೊಬ್ಬ ತಗಡು ಕೇಳುತ್ತಿದ್ದ. ದೇವರಿಗೂ ಈ ಬಾಬ್ತು ಹೊಸದು. ಯಾವ ಕಪಾಟಿನಿಂದ ತೆಗೆದುಕೊಡಬೇಕೆಂದು ತಿಳಿಯದೆ ಬಹಳ ಕಾಲ ಸುಮ್ಮನಿದ್ದ.

ತಗಡಿನ ಈ ಹುಚ್ಚಿಗೆ ಕಾರಣ ಗುದ್ದಲಿ. ಗುರುಮಲ್ಲಯ್ಯನಿಗೆ ಗುದ್ದಲಿಯೆಂದರೆ ಆಗದು. ಅಪ್ಪ ತೀರಿಕೊಂಡ ಮೇಲೆ ಹೆದ್ದಾರಿಯ ಪಕ್ಕದ ಹೊಲವನ್ನು ಅಣ್ಣ ಸೋಮಯ್ಯನೂ ಇವನೂ ಒಟ್ಟಿಗೆ ಮಾಡುತ್ತಿದ್ದರು. ಒಟ್ಟಿಗೆ ಎಂದರೆ, ಸೋಮಯ್ಯ ಮಾಡುತ್ತಿದ್ದ, ಇವನು ಬದುವಿನ ಮೇಲೆ ನಿಂತು ಊಟಿಗೆ ಹೋಗುವ ಕಾರುಗಳನ್ನು ನೋಡುತ್ತಿದ್ದ.

“ಏನ್ಲಾ, ಆ ಕಾರು ನಿಮ್ಮಪ್ಪಂದಾ? ಬಗ್ಗಿ ಕಳೆ ತಗಿಲಾ,” ಎಂದು ಅಣ್ಣ ಕೂಗುತ್ತಿದ್ದ, ಇಬ್ಬರಿಗೂ ಅಪ್ಪ ಒಬ್ಬನೇ ಎಂಬುದನ್ನು ಮರೆತು.

ಕೊನೆಗೆ ಗುರುಮಲ್ಲಯ್ಯ ಹೊಲದಿಂದ ತಪ್ಪಿಸಿಕೊಂಡು ಅಕ್ಕಿ ಗಿರಣಿಯ ಲಾರಿ ಹತ್ತಿದ, ಡ್ರೈವಿಂಗ್ ಕಲಿತ, ಮೀಸೆ ಬಿಟ್ಟ. ಒಂದು ದಿನ ಬಂದು ತನ್ನ ಪಾಲಿನ ಹೊಲವನ್ನು ಅಣ್ಣನಿಗೇ ಬಿಟ್ಟುಕೊಟ್ಟು, ಅದರಿಂದ ಬಂದದ್ದನ್ನೆಲ್ಲ ಮೈಸೂರಿನ ಡಾಕ್ಟರೊಬ್ಬರ ಕೈಗಿಟ್ಟು, ಅವರ ಹಳೆಯ ಬಿಳಿ ಕಾರನ್ನು ಹೊಡೆದುಕೊಂಡು ಬಂದ. ಚಿಕ್ಕ ಕಾರು. ಆ ಕಾಲಕ್ಕೆ ಹೊಸ ಮಾದರಿ. ಊರವರು ಅದಕ್ಕೆ ಐರಾವತ ಎಂದು ಹೆಸರಿಟ್ಟರು. ಬಣ್ಣ ಬಿಳಿ, ಮತ್ತು ಹಿಂದಿನ ಬಾಗಿಲು ಸರಿಯಾಗಿ ಕೂರದೆ ಆನೆಯ ಕಿವಿಯಂತೆ ಬೀಸುತ್ತಿತ್ತು.

ಸೋಮಯ್ಯ ಕಾರನ್ನು ಒಂದು ಸುತ್ತು ಬಂದು, ಚಕ್ರಕ್ಕೆ ಒದ್ದು ನೋಡಿದ. “ಆಗ್ಲಿ ಕಣ್ಲಾ. ಇದು ಮೇವು ತಿನ್ನಕಿಲ್ಲ, ಸಗಣಿ ಹಾಕಕಿಲ್ಲ. ಸತ್ರೆ ಚರ್ಮವೂ ಬರಕಿಲ್ಲ. ನಾಳೆ ಗುದ್ದಲಿ ಬೇಕಾದ್ರೆ ಬಾ, ನಿಂದು ಅಟ್ಟದ ಮ್ಯಾಲೇ ಮಡಗಿರ್ತೀನಿ.”

“ನಾನೇನಾರ ಇನ್ನೊಂದ್ಸಲ ನಿನ್ನ ಹೊಲಕ್ಕೆ ಕೈ ಹಾಕುದ್ರೆ ನನ್ನ ಹೆಸ್ರು ಗುರುಮಲ್ಲ ಅಲ್ಲ ಕಣಣ್ಣ,” ಎಂದ ತಮ್ಮ.

ಇದು ಬೇಗೂರಿನ ಬಸ್ ನಿಲ್ದಾಣದಲ್ಲಿ, ಟೀ ಅಂಗಡಿಯ ಮುಂದೆ, ಸಾಕಷ್ಟು ಜನರ ಎದುರಿಗೆ ಆದ ಪ್ರತಿಜ್ಞೆ. ಭೀಷ್ಮನಿಗಾದರೂ ಪ್ರತಿಜ್ಞೆ ಮಾಡಿದ ಮೇಲೆ ಆಕಾಶದಿಂದ ಹೂವು ಬಿದ್ದವಂತೆ. ಗುರುಮಲ್ಲಯ್ಯನ ಮೇಲೆ ಊಟಿ ಬಸ್ಸಿನ ಧೂಳು ಬಿತ್ತು.

ಆಮೇಲೆ ತೊಂಬತ್ತೇಳರಲ್ಲಿ ಚಾಮರಾಜನಗರ ಜಿಲ್ಲೆಯಾಯಿತು. ಅಲ್ಲಿಯವರೆಗೆ ಮೈಸೂರಿನ ಕೈಕೆಳಗಿದ್ದ ಊರು ರಾತ್ರೋರಾತ್ರಿ ದೊಡ್ಡದಾಗಿ ಎದ್ದು ಕೂತಿತು. ಬಾಡಿಗೆ ಮನೆಗಳಲ್ಲಿ ಕಚೇರಿಗಳು ಹುಟ್ಟಿದವು. ನಿನ್ನೆ ರಾಗಿ ಮೂಟೆ ಇಟ್ಟಿದ್ದ ಕೋಣೆಯಲ್ಲಿ ಇಂದು ಒಬ್ಬ ಅಧಿಕಾರಿ ಕೂತು ಸೀನುತ್ತಿದ್ದರು. ಲಾರಿಗಳಲ್ಲಿ ಮೇಜು ಬಂದವು, ಬೀರು ಬಂದವು, ಸಾಹೇಬರು ಬಂದರು. ಸಾಹೇಬರನ್ನು ಹೊತ್ತು ತಿರುಗುವ ಗಾಡಿಗಳು ಮಾತ್ರ ಬರಲಿಲ್ಲ. ಆದ್ದರಿಂದ ಬಾಡಿಗೆಗೆ ಕಾರು ಹುಡುಕತೊಡಗಿದರು.

ಅಂಥ ಒಂದು ಕಚೇರಿಯ ರಘುನಾಥ ಸಾಹೇಬರು ಗುರುಮಲ್ಲಯ್ಯನ ಕಾರಿನಲ್ಲಿ ಒಮ್ಮೆ ಗುಂಡ್ಲುಪೇಟೆಗೆ ಹೋಗಿ ಬಂದರು. ದಪ್ಪ ದೇಹ, ಮೆತ್ತಗಿನ ಮಾತು, ಹೆಗಲ ಮೇಲೆ ಬೆವರೊರೆಸುವ ಟವೆಲು. ಇಳಿಯುವಾಗ ಹೇಳಿದರು: “ಗಾಡಿ ಚೆನ್ನಾಗಿಟ್ಕೊಂಡಿದ್ದೀಯಪ್ಪ. ಸಂಕ್ರಾಂತಿ ಆದ್ಮೇಲೆ ಹಳ್ಳಿಗಳ ಕಡೆ ಒಂದು ಸುತ್ತು ಇದೆ, ನೀನೇ ಬಾ. ದಾರೀಲಿ ಕೈಕೊಡದೆ ತಿರುಗಿಸ್ಕೊಂಡು ಬಂದ್ರೆ ನಿನ್ನ ಗಾಡಿನೇ ಖಾಯಂ ಮಾಡ್ಸೋಣ.”

ಗುರುಮಲ್ಲಯ್ಯ ಅಲ್ಲಿಂದ ನೇರವಾಗಿ ಮನೆಗೆ ಹೋಗಲಿಲ್ಲ. ಗುಂಡ್ಲುಪೇಟೆಯಲ್ಲಿ ಬೋರ್ಡು ಬರೆಯುವವನ ಅಂಗಡಿಗೆ ಹೋದ. ಕೆಂಪು ತಗಡಿನ ಮೇಲೆ ಬಿಳಿ ಅಕ್ಷರ ಬರೆಸಿ, ಬಣ್ಣ ಒಣಗುವ ತನಕ ಅದರ ಮುಂದೆ ಕೂತಿದ್ದು, ಹಳೆಯ ಪಂಚೆಯಲ್ಲಿ ಸುತ್ತಿ ತಂದು ಮನೆಯಲ್ಲಿ ಬೀರುವಿನ ಹಿಂದೆ ಇಟ್ಟ. ಹೆಂಡತಿ ಪುಟ್ಟಸಿದ್ದಮ್ಮ ದಿನಾ ಸಂಜೆ ದೀಪ ಹಚ್ಚಿದ ಮೇಲೆ ಬೀರುವಿನ ಕಡೆಗೂ ಒಮ್ಮೆ ಕೈಮುಗಿಯುತ್ತಿದ್ದಳು.

ದೀಪಾವಳಿ ಕಳೆದ ವಾರ ಐರಾವತದ ಫ್ಯಾನು ನಿಂತಿತು.

ಇಲ್ಲಿ ಎರಡು ಮಾತು ಫ್ಯಾನಿನ ವಿಷಯ. ಕಾರಿನ ಮೂತಿಯಲ್ಲಿ ನೀರು ತುಂಬಿದ ಒಂದು ಜಾಲರಿ ಡಬ್ಬ ಇರುತ್ತದೆ, ಅದೇ ರೇಡಿಯೇಟರು. ಎಂಜಿನ್ನಿನ ಕಾವನ್ನು ನೀರು ಹೊತ್ತು ತಂದು ಅಲ್ಲಿ ಆರಿಸಿಕೊಳ್ಳುತ್ತದೆ. ಕಾರು ಓಡುತ್ತಿದ್ದರೆ ಎದುರುಗಾಳಿಯೇ ಸಾಕು. ನಿಂತಾಗ, ಇಲ್ಲವೇ ತೆವಳುವಾಗ, ಹಿಂದೆ ಕೂತ ಫ್ಯಾನು ಹೊರಗಿನ ಗಾಳಿಯನ್ನು ಜಾಲರಿಯ ಮೂಲಕ ಒಳಕ್ಕೆ ಎಳೆಯಬೇಕು. ಅಂಬಾಸಿಡರ್ ಕಾಲದ ಫ್ಯಾನನ್ನು ಬೆಲ್ಟು ಹಾಕಿ ಎಂಜಿನ್ನಿಗೇ ಕಟ್ಟಿರುತ್ತಿದ್ದರು. ಮದುವೆಯ ಹಾಗೆ; ಇದು ತಿರುಗಿದರೆ ಅದೂ ತಿರುಗಬೇಕು, ಬೇರೆ ದಾರಿಯಿಲ್ಲ. ಈ ಹೊಸ ಮಾದರಿಯ ಚಿಕ್ಕ ಕಾರುಗಳಲ್ಲಿ ಫ್ಯಾನಿಗೆ ಸ್ವಂತ ಮೋಟಾರು, ಸ್ವಂತ ಕರೆಂಟು. ನೀರು ಬಿಸಿಯಾದಾಗ ಒಂದು ಸ್ವಿಚ್ಚು ಅದನ್ನು ಎಬ್ಬಿಸುತ್ತದೆ. ಅಲ್ಲಿಯವರೆಗೆ ಅದು ಮಲಗಿರುತ್ತದೆ.

ಮಲಗಿರುವ ಫ್ಯಾನನ್ನು ಕಂಡರೆ ಗುಂಡ್ಲುಪೇಟೆಯ ಮೆಕ್ಯಾನಿಕ್ ಬೆಟ್ಟಯ್ಯನಿಗೆ ಮೈಯುರಿ. ಊಟಿ ರಸ್ತೆ, ಕೇರಳ ರಸ್ತೆ ಬೇರೆಯಾಗುವ ಕಡೆ ಅವನ ಶೆಡ್ಡು. ಅವನು ಬಿಚ್ಚದ ಲಾರಿಯಿಲ್ಲ, ಕಿವಿಗೊಟ್ಟು ಕೇಳದ ಅಂಬಾಸಿಡರ್ ಇಲ್ಲ. ಆದರೆ ತಂತಿಯ ರೋಗಗಳಿಗೆಲ್ಲ ಅವನಲ್ಲಿ ಇದ್ದದ್ದು ಒಂದೇ ಔಷಧ. ಅದರ ಹೆಸರು ‘ಡೈರೆಕ್ಟು’. ಸ್ವಿಚ್ಚು ಕೆಟ್ಟರೆ ಸ್ವಿಚ್ಚನ್ನು ಕಿತ್ತೆಸೆದು ತಂತಿಗೆ ತಂತಿ ಕಟ್ಟುವುದು. ಹೀಗೆ ಡೈರೆಕ್ಟಾದ ಗಾಡಿಗಳು ತಾಲ್ಲೂಕಿನ ತುಂಬ ಓಡಾಡುತ್ತಿದ್ದವು. ತೆರಕಣಾಂಬಿಯ ಒಂದು ಜೀಪಿನಲ್ಲಿ ಹೆಡ್‌ಲೈಟು ಹಾಕಿದರೆ ಹಾರನ್ನೂ ಆಗುತ್ತಿತ್ತು. ಅದರ ಮಾಲೀಕ ಕತ್ತಲಾದ ಮೇಲೆ ಊರು ಸೇರುವಾಗ ಜನ ಮದುವೆ ದಿಬ್ಬಣವೆಂದು ಹೊರಗೆ ಬಂದು ನೋಡುತ್ತಿದ್ದರು.

“ನೀರು ಕಾದದಾ ಇಲ್ವಾ ಅಂತ ಫ್ಯಾನೇ ತೀರ್ಮಾನ ಮಾಡಾದಾದ್ರೆ ನೀನ್ಯಾಕ, ನಾನ್ಯಾಕ?” ಎಂದ ಬೆಟ್ಟಯ್ಯ. “ಕೀ ತಿರುವಿದ್ರೆ ತಿರುಗ್ಬೇಕು, ಕೀ ತಗುದ್ರೆ ನಿಲ್ಬೇಕು. ಅಂಗೆ ಮಾಡ್ತೀನಿ, ಬುಡು.”

ಮೋಟಾರು ಬಿಚ್ಚಿ ನೋಡಿದ. ಒಳಗಿನ ಕಾರ್ಬನ್ ಸವೆದುಹೋಗಿತ್ತು. ಬೇರೆ ಹಾಕಿದ. ಇದು ಸರಿಯಾದ ಕೆಲಸ, ಇಲ್ಲಿಗೇ ನಿಲ್ಲಿಸಿದ್ದರೆ ಗುರುಮಲ್ಲಯ್ಯನ ಚರಿತ್ರೆ ಬೇರೆಯಾಗುತ್ತಿತ್ತು. ಆದರೆ ಒಮ್ಮೆ ಕೈಗೆ ಬಂದ ಫ್ಯಾನನ್ನು ಡೈರೆಕ್ಟು ಮಾಡದೆ ಬಿಡುವುದು ಬೆಟ್ಟಯ್ಯನ ಧರ್ಮವಲ್ಲ. ಹಳೆಯ ತಂತಿ ಕತ್ತರಿಸಿ ಹೊಸದು ಹಾಕಿದ. ಶೆಡ್ಡಿನಲ್ಲಿ ಇದ್ದದ್ದು ಕೆಂಪು ತಂತಿಯ ಒಂದೇ ಸುರುಳಿ. ಹೋಗುವುದಕ್ಕೂ ಕೆಂಪು, ಬರುವುದಕ್ಕೂ ಕೆಂಪು. ಎರಡು ತಂತಿಗಳಲ್ಲಿ ಯಾವುದು ಯಾವುದಕ್ಕೆ ಎಂದು ಒಂದು ಕ್ಷಣ ಯೋಚಿಸಿದ, ಕೈಗೆ ಸಿಕ್ಕಿದ ಹಾಗೆ ಕಟ್ಟಿದ, ಕೀ ತಿರುವಿದ.

ಫ್ಯಾನು ಭರ್ರೆಂದು ತಿರುಗಿತು. ಉಲ್ಟಾ ತಿರುಗಿತು.

ಹೊರಗಿನ ಗಾಳಿಯನ್ನು ಒಳಕ್ಕೆಳೆಯುವ ಬದಲು ಎಂಜಿನ್ನಿನ ಬಿಸಿಯುಸಿರನ್ನೇ ರೇಡಿಯೇಟರಿನ ಮುಖಕ್ಕೆ ಊದತೊಡಗಿತು. ಬೆಲ್ಟಿನ ಫ್ಯಾನಿನ ಜೊತೆ ಆಯುಸ್ಸು ಕಳೆದ ಬೆಟ್ಟಯ್ಯನಿಗೆ ಫ್ಯಾನೊಂದು ಹಿಮ್ಮುಖ ತಿರುಗಬಹುದೆಂಬುದು ಕನಸಿನಲ್ಲೂ ಹೊಳೆಯುವಂಥದ್ದಲ್ಲ. ಅಂಬಾಸಿಡರಿನಲ್ಲಿ ಹಾಗಾಗಬೇಕಾದರೆ ಎಂಜಿನ್ನೇ ಹಿಮ್ಮುಖ ತಿರುಗಬೇಕು. ಈ ಗುಟ್ಟು ಆ ದಿನ ಗೊತ್ತಿದ್ದದ್ದು ಇಬ್ಬರಿಗೆ ಮಾತ್ರ, ಒಂದು ಫ್ಯಾನಿಗೆ, ಇನ್ನೊಂದು ಪರಮಾತ್ಮನಿಗೆ. ಇಬ್ಬರೂ ಬಾಯಿಬಿಡಲಿಲ್ಲ.

ಪರಮಾತ್ಮ ಬಾಯಿಬಿಡಲಿಲ್ಲ ಎನ್ನುವುದು ಪೂರ್ತಿ ನಿಜವಲ್ಲ. ಮರುದಿನ ಬೆಳಗ್ಗೆಯೇ ಅವನು ಸೂಚನೆ ಕೊಟ್ಟ, ಕಣ್ಣೆದುರಿಗೆ, ಬೆಂಕಿಯಲ್ಲಿ ಬರೆದು ಕೊಟ್ಟ.

ಗುರುಮಲ್ಲಯ್ಯನ ಮನೆಯಲ್ಲಿ ಒಂದು ಪದ್ಧತಿ. ದಿನಾ ಬೆಳಗ್ಗೆ ಕಾರಿಗೆ ಪೂಜೆ ಮಾಡುವಾಗ ಎಂಜಿನ್ನು ಓಡುತ್ತಿರಬೇಕು. ಬೇರೆಯವರು ನಿಂತ ಗಾಡಿಗೆ ಊದುಬತ್ತಿ ಬೆಳಗಿ ಆಮೇಲೆ ಕೀ ತಿರುವುತ್ತಾರೆ. ಇವನು ಒಪ್ಪುತ್ತಿರಲಿಲ್ಲ. “ಮಲ್ಗಿರೋ ದೇವ್ರಿಗೆ ಯಾರಾರ ಮಂಗಳಾರತಿ ಎತ್ತುತಾರಾ? ಮೊದ್ಲು ಎಬ್ಬುಸ್ಬೇಕು ಕಣಮ್ಮಿ,” ಎನ್ನುವುದು ಅವನ ಸಿದ್ಧಾಂತ. ಇದುವರೆಗೆ ಬೆಳಗಿನ ತಣ್ಣನೆಯ ಎಂಜಿನ್ನಿನ ಮುಂದೆ ಫ್ಯಾನು ಮಲಗಿರುತ್ತಿದ್ದರಿಂದ ತೊಂದರೆಯಿರಲಿಲ್ಲ. ಈಗ ಅದು ಡೈರೆಕ್ಟು. ಅವನು ಕೀ ತಿರುವಿದ. ಪುಟ್ಟಸಿದ್ದಮ್ಮ ಕಾರಿನ ಮೂತಿಯ ಮುಂದೆ ನಿಂತು ಊದುಬತ್ತಿ ಬೆಳಗಿದಳು. ಹೊಗೆಯೆಲ್ಲ ತಿರುಗಿ ಅವಳ ಮುಖಕ್ಕೆ ಬಂತು. ಕಣ್ಣೊರೆಸಿಕೊಂಡು ಕರ್ಪೂರ ಹಚ್ಚಿ ಆರತಿ ಎತ್ತಿದಳು. ಜ್ವಾಲೆ ಅವಳ ಕಡೆಗೆ ಬಾಗಿತು, ತತ್ತರಿಸಿತು, ಆರಿಹೋಯಿತು.

ಮತ್ತೆ ಹಚ್ಚಿದಳು. ಮತ್ತೆ ಆರಿತು.

“ಇಲ್ಲಿ ಇಳ್ದು ಬನ್ನಿ,” ಎಂದು ಕೂಗಿದಳು. “ಆರತಿ ತಕ್ಕತಾ ಇಲ್ಲ ಇದು. ಊದಿ ಆರುಸ್ಬುಡ್ತದೆ.”

“ಗಾಳಿ ಬೀಸ್ತಾ ಅದೆ ಕಣಮ್ಮಿ.”

“ಎಲ್ಲಿ ಗಾಳಿ? ಆ ಹೊಂಗೆ ಮರದ ಎಲೆ ನೋಡಿ, ಅಲ್ಲಾಡ್ತಾ ಅದಾ? ದೇವ್ರು ಒಲ್ಲೆ ಅಂತಾವ್ನೆ. ನೀವೇನೋ ತಪ್ಪು ಮಾಡಿದೀರಿ.”

ರೋಗ ಪತ್ತೆಯಾಗಿ ಕಣ್ಣೆದುರಿಗೆ ನಿಂತಿತ್ತು. ಎಂಜಿನಿಯರುಗಳು ಇದಕ್ಕಿಂತ ಸ್ಪಷ್ಟವಾದ ಪರೀಕ್ಷೆಯನ್ನು ಮಾಡಲಾರರು. ಗಂಡ ಹೆಂಡತಿ ಅದರ ಎದುರಿಗೇ ನಿಂತು, ಮುಖದ ಮೇಲೆ ಗಾಳಿ ಹೊಡೆಸಿಕೊಳ್ಳುತ್ತ, ಯಾವ ಹರಕೆ ಬಾಕಿಯಿದೆ ಎಂದು ಯೋಚಿಸತೊಡಗಿದರು.

ಅಂದಿನಿಂದ ಐರಾವತಕ್ಕೆ ಹೊಸ ಸ್ವಭಾವ ಬಂತು. ಹೆದ್ದಾರಿಯಲ್ಲಿ ಬೀಸಾಗಿ ಓಡಿದರೆ ಕುರಿಮರಿಯಷ್ಟು ತಂಪು. ನಿಂತರೆ ಕುದಿಯುವುದು. ಸಂತೆಬೀದಿಯಲ್ಲಿ ತೆವಳಿದರೆ ಕುದಿಯುವುದು. ನಿಲ್ಲಿಸಿ ಎಂಜಿನ್ ಆರಿಸೋಣವೆಂದರೆ ಹಗಲೆಲ್ಲ ತಿರುಗುವ ಫ್ಯಾನು ಬ್ಯಾಟರಿಯ ಜೀವ ಹೀರಿರುತ್ತಿತ್ತು. ಆರಿಸಿದರೆ ಮತ್ತೆ ತಳ್ಳದೆ ಏಳುತ್ತಿರಲಿಲ್ಲ. ಗುರುಮಲ್ಲಯ್ಯ ಬಹಳ ಯೋಚಿಸಿ ಒಂದು ಮಹಾ ಉಪಾಯ ಕಂಡುಹಿಡಿದ. ನಿಲ್ಲಿಸಲೇಬಾರದು.

ಚಾಮರಾಜನಗರದಲ್ಲಿ ಬಾಡಿಗೆಯವರು ಬಟ್ಟೆ ಅಂಗಡಿಗೆ ಹೋದರೆ ಅವರು ಸೀರೆ ಆರಿಸುವ ತನಕ ಇವನು ಸರ್ಕಲ್ಲು ಸುತ್ತುತ್ತಿದ್ದ. ಬಂದವರು ಓಡುತ್ತ ಹತ್ತಬೇಕು. ಒಬ್ಬ ಅಜ್ಜಿಯನ್ನು ಮಗ ಹಿಂದಿನಿಂದ ತಳ್ಳಿ, ಸೊಸೆ ಒಳಗಿನಿಂದ ಎಳೆದು, ಎರಡನೆಯ ಸುತ್ತಿನಲ್ಲಿ ಹತ್ತಿಸಿಕೊಂಡರು. ಚಪ್ಪಲಿ ಮೂರನೆಯ ಸುತ್ತಿನಲ್ಲಿ ಸಿಕ್ಕಿತು. ಟ್ರಾಫಿಕ್ ಪೇದೆ ಮೊದಮೊದಲು ಸೀಟಿ ಊದುತ್ತಿದ್ದವನು ಆಮೇಲೆ ಊದುವುದನ್ನು ಬಿಟ್ಟ. “ಏನಯ್ಯ ಗುರುಮಲ್ಲ, ಪ್ರದಕ್ಷಿಣೆ ಎಷ್ಟಾಯ್ತು?” ಎಂದು ಕೇಳುತ್ತಿದ್ದ.

ವೈದ್ಯರಿಗೇನೂ ಕೊರತೆಯಿರಲಿಲ್ಲ. ಟೀ ಅಂಗಡಿಯವರು ರೇಡಿಯೇಟರಿನಲ್ಲಿ ಪಾಚಿ ಕಟ್ಟಿದೆ ಎಂದರು. ಪುಟ್ಟಸಿದ್ದಮ್ಮ ದೇವರ ಪಾತ್ರೆಗೆ ಮಾಡುವಂತೆ ಹುಣಸೆಹಣ್ಣು ಕಿವುಚಿ ಆ ನೀರು ಹಾಕಿ ತೊಳೆದಳು. ಲಾರಿ ಡ್ರೈವರೊಬ್ಬ ಬೋರ್ ನೀರು ಬೇಡ, ಎಳನೀರು ಹಾಕು ಎಂದ. ಅದೂ ಆಯಿತು, ಆ ದಿನ ಕಾರಿನಿಂದ ಪಾಯಸದ ವಾಸನೆ ಬಂತು. ಬೆಟ್ಟಯ್ಯ ಎಂಜಿನ್ನಿನೊಳಗಿಂದ ಒಂದು ಪುಟ್ಟ ವಾಲ್ವು ತೆಗೆದು, “ಇದು ಚಳಿ ದೇಶದೋರಿಗೆ ಇಡಾದು, ನಮ್ಗ್ಯಾಕ?” ಎಂದು ಪೊದೆಗೆ ಎಸೆದ. ಏನು ಮಾಡಿದರೂ ನಿಂತ ಕಾರು ಕುದಿಯುತ್ತಿತ್ತು.

“ಫ್ಯಾನೇನಾರ ನೋಡ್ಬೇಕಾ, ಬೆಟ್ಟಣ್ಣ?” ಎಂದು ಗುರುಮಲ್ಲಯ್ಯ ಒಮ್ಮೆ ಕೇಳಿದ. ಅಷ್ಟು ಹತ್ತಿರಕ್ಕೆ ಅವನ ಬುದ್ಧಿ ಬಂದದ್ದು ಅದೊಂದೇ ಸಲ.

ಬೆಟ್ಟಯ್ಯನಿಗೆ ರೇಗಿತು. “ನೋಡಾಕೇನದೆ? ತಿರುಗ್ತಾ ಅದಾ ಇಲ್ವಾ?”

“ತಿರುಗ್ತಾ ಅದೆ.”

“ತಿರುಗಾದಲ್ದೆ ಫ್ಯಾನಿಗೆ ಬ್ಯಾರೆ ಏನ್ ಕೆಲ್ಸ? ಅದ್ಕೇನು ಹಾಡು ಹೇಳ್ಬೇಕಾ? ಗಾಡೀಲಿ ಏನೂ ಇಲ್ಲ ಕಣ್ಲಾ. ಇನ್ನಿರಾದು ನಿನ್ನ ಗ್ರಹಚಾರ. ಅದ್ಕೆ ನನ್ತಾವ ಸ್ಪ್ಯಾನರಿಲ್ಲ.”

ಹೀಗೆ ಮೆಕ್ಯಾನಿಕ್ಕೇ ಕೇಸನ್ನು ದೇವರಿಗೆ ವರ್ಗಾಯಿಸಿದ ಮೇಲೆ ಉಳಿದದ್ದು ಹರಕೆ. ಕಾರು ಕೊಂಡಾಗ ಮಾದಪ್ಪನ ಬೆಟ್ಟಕ್ಕೆ ಬರುತ್ತೇನೆಂದು ಗುರುಮಲ್ಲಯ್ಯ ಹೇಳಿಕೊಂಡಿದ್ದ, ಹೋಗಿರಲಿಲ್ಲ. ಆದರೆ ಆ ಬೆಟ್ಟ ದೂರ, ಕಾರು ಕುದಿಯುವಂಥದ್ದು. ಗುಂಡ್ಲುಪೇಟೆಯ ಆಚೆಗೇ ಹಿಮವದ್ ಗೋಪಾಲಸ್ವಾಮಿ ಬೆಟ್ಟವಿದೆ. ಸದ್ಯಕ್ಕೆ ಹತ್ತಿರದ ದೇವರಲ್ಲಿ ಕೆಲಸ ಮಾಡಿಸಿಕೊಂಡು, ಮಾದಪ್ಪನಿಗೆ ಆಮೇಲೆ ಸಮಾಧಾನ ಹೇಳಿದರಾಯಿತೆಂದು ಗಂಡ ಹೆಂಡತಿ ಹೊರಟರು.

ಜಿಲ್ಲೆಯಲ್ಲೇ ತಣ್ಣನೆಯ ಜಾಗ ಅದು. ಮಂಜು ಕವಿದು ಪಕ್ಕದಲ್ಲಿ ಕೂತವರ ಮುಖ ಕಾಣುವುದಿಲ್ಲ. ಆ ಮಂಜಿನಲ್ಲಿ, ಹಲ್ಲು ಕಟಕಟಿಸುವ ಚಳಿಯಲ್ಲಿ, ಕಡಿದಾದ ಏರಿನಲ್ಲಿ ತೆವಳುತ್ತ, ಐರಾವತ ಇಡ್ಲಿ ಪಾತ್ರೆಯಂತೆ ಕುದಿಯಿತು. ಏರಿನಲ್ಲಿ ಇಳಿದು ನೀರು ಹುಯ್ಯುವುದು, ಹತ್ತುವುದು, ಮತ್ತೆ ಇಳಿಯುವುದು. ಮೇಲಿನಿಂದ ನಡೆದು ಬರುತ್ತಿದ್ದ ಭಕ್ತರು ಬಿಳಿ ಮಂಜಿನೊಳಗೆ ಬುಸುಗುಡುವುದೇನೆಂದು ಕೇಳಿ ಆನೆಯೆಂದು ತಿಳಿದು ಬಂಡೆ ಹತ್ತಿದರು. ತುದಿ ಮುಟ್ಟಿದಾಗ ಅರ್ಚಕರು ಬಂದು ಓಡುತ್ತಿರುವ ಎಂಜಿನ್ನಿನ ಮುಂದೆ ಮಂಗಳಾರತಿ ಎತ್ತಿದರು. ಅದೂ ಆರಿತು. ಅವರು ಕೆಮ್ಮುತ್ತ, “ಮಂಜು ಜಾಸ್ತಿ,” ಎಂದು ಒಳಗೆ ಹೋದರು. ಪುಟ್ಟಸಿದ್ದಮ್ಮ ಸೆರಗು ಬಾಯಿಗೊತ್ತಿಕೊಂಡು ಅತ್ತಳು.

ಇಳಿಜಾರಿನಲ್ಲಿ ಮಾತ್ರ ಕಾರು ಒಂದು ಹನಿ ಆವಿ ಬಿಡದೆ, ಸೊಂಪಾಗಿ ಇಳಿಯಿತು. ಇಳಿಜಾರಿನಲ್ಲಿ ಎಂಥ ಎಂಜಿನ್ನೂ ಬಿಸಿಯಾಗದು ಎಂಬ ವಿಚಾರ ಅವರಿಬ್ಬರಿಗೂ ಹೊಳೆಯಲಿಲ್ಲ.

“ಒಪ್ಕಂಡ ಕಣಮ್ಮಿ,” ಎಂದ ಗುರುಮಲ್ಲಯ್ಯ. “ನೋಡು ಹೆಂಗೆ ತಣ್ಣಗದೆ.”

“ಗೋವಿಂದ,” ಎಂದಳು ಪುಟ್ಟಸಿದ್ದಮ್ಮ. ಬೆಟ್ಟದ ಕೆಳಗೆ ಇಬ್ಬರೂ ಬೋಂಡ ತಿಂದರು. ಅವರ ಸಂಸಾರದಲ್ಲಿ ಅದು ಒಳ್ಳೆಯ ದಿನಗಳ ಪೈಕಿ ಒಂದು.

ಸಂಕ್ರಾಂತಿ ಕಳೆಯಿತು. ರಘುನಾಥ ಸಾಹೇಬರು ಹೇಳಿ ಕಳಿಸಿದರು: ಉಮ್ಮತ್ತೂರಿನ ಕಡೆ ಹೋಗಬೇಕು. ಗುರುಮಲ್ಲಯ್ಯ ಖಾಕಿ ಅಂಗಿ ತೊಟ್ಟ, ಬೀರುವಿನ ಹಿಂದಿನಿಂದ ಬೋರ್ಡು ತೆಗೆದು ಸೀಟಿನ ಕೆಳಗಿಟ್ಟುಕೊಂಡ. ವಾಪಸು ಬಂದ ಕೂಡಲೇ, ಸಾಹೇಬರು ಖಾಯಂ ಎಂದ ಕ್ಷಣವೇ, ತೆಗೆದು ಗಾಜಿಗೆ ನಿಲ್ಲಿಸುವುದೆಂದು ಅವನ ಯೋಜನೆ. ಸೋಮಯ್ಯ ಹೊಲದ ಅಂಚಿನಲ್ಲಿ ನಿಂತು ನೋಡುತ್ತಿದ್ದ. ತಮ್ಮ ಹಾರನ್ ಹೊಡೆದು ಹೋದ.

ಉಮ್ಮತ್ತೂರಿನ ದಾರಿಯ ಅರ್ಧದ ತನಕ ಎಲ್ಲ ಸುಸೂತ್ರ. ಸಾಹೇಬರು ಕಿಟಕಿಯ ಗಾಳಿಗೆ ಮುಖವೊಡ್ಡಿ, “ಪರವಾಗಿಲ್ಲ ಕಣಯ್ಯ ನಿನ್ನ ಗಾಡಿ,” ಎಂದರು. ಗುರುಮಲ್ಲಯ್ಯನ ಮೀಸೆ ತಾನಾಗಿ ಮೇಲಕ್ಕೆ ತಿರುಗಿತು.

ಆಮೇಲೆ ಹುರುಳಿ ಬಂತು.

ಸುಗ್ಗಿಯ ಕಾಲದಲ್ಲಿ ನಮ್ಮ ಕಡೆಯ ರೈತರು ಹುರುಳಿ ಗಿಡ ಕಿತ್ತು ಟಾರು ರಸ್ತೆಯ ಮೇಲೆ ಹರಡುತ್ತಾರೆ. ಹೋಗುವ ಬರುವ ಗಾಡಿಗಳ ಚಕ್ರದಡಿ ಅದು ಬಿಟ್ಟಿಯಾಗಿ ಒಕ್ಕಣೆಯಾಗುತ್ತದೆ. ರಸ್ತೆ ಸರ್ಕಾರದ್ದು, ಚಕ್ರ ಯಾರದ್ದೋ, ಹುರುಳಿ ತಮ್ಮದು. ಆದರೆ ಚಿಕ್ಕ ಕಾರಿಗೆ ಅದು ಮೆತ್ತೆಯ ಮೇಲೆ ಈಜಿದಂತೆ. ಗಿಡ ಚಕ್ರಕ್ಕೆ ಸುತ್ತಿಕೊಳ್ಳುತ್ತದೆ, ಜೋರಾಗಿ ಹೋದರೆ ಜಾರುತ್ತದೆ. ಗುರುಮಲ್ಲಯ್ಯ ಮೊದಲ ಗೇರಿಗಿಳಿದು ತೆವಳತೊಡಗಿದ. ಗಾಳಿ ನಿಂತಿತು. ಸಾಹೇಬರು ಟವೆಲು ತೆಗೆದರು. ಮೀಟರಿನ ಮುಳ್ಳು ಕೆಂಪಿನ ಕಡೆಗೆ ನಡೆಯತೊಡಗಿತು.

ಊರು ಸೇರುವಷ್ಟರಲ್ಲಿ ರಸ್ತೆಗೆ ಅಡ್ಡಲಾಗಿ ಜನ. ಹೊಸ ಜಿಲ್ಲೆಯಿಂದ ಬರುವ ಮೊದಲ ಸಾಹೇಬರೆಂದು ಹಾರ ಹಿಡಿದು ನಿಂತಿದ್ದರು. ಮುಂದೆ ಒಬ್ಬ ಹಿರಿಯ, ಶಿವರುದ್ರಸ್ವಾಮಿ ಎಂದು ಹೆಸರು, ಕೈಯಲ್ಲಿ ನಿಂಬೆಹಣ್ಣು.

“ನಿಲ್ಸಪ್ಪ,” ಎಂದರು ಸಾಹೇಬರು.

“ಸಾರ್, ಒಸಿ ಮುಂದಕ್ಕೋಗಿ ತಿರುಗುಸ್ಕಂಡು ಬರ್ತೀನಿ. ಒಂದು ರೌಂಡು. ನಿಲ್ಸಾದು ಬ್ಯಾಡ.”

“ಜನ ಅಡ್ಡ ನಿಂತಿದ್ದಾರಲ್ಲಯ್ಯ! ಅವರ ಮೇಲೆ ಹತ್ತಿಸ್ತೀಯಾ?”

ನಿಲ್ಲಿಸಿದ. ಆರಿಸಿದರೆ ಮತ್ತೆ ಏಳದು, ಸಾಹೇಬರ ಎದುರಿಗೆ ತಳ್ಳಿಸಬೇಕಾದೀತು ಎಂದು ಎಂಜಿನ್ನನ್ನು ಓಡಲು ಬಿಟ್ಟ. ಇಳಿದ ಸಾಹೇಬರಿಗೆ ಶಿವರುದ್ರಸ್ವಾಮಿ ಹಾರ ಹಾಕಿ, ಕೆರೆಯ ಏರಿಯ ವಿಷಯ ಎತ್ತಿಕೊಂಡ. ಕೆರೆಯನ್ನು ಯಾವ ಪಾಳೇಗಾರ ಕಟ್ಟಿಸಿದನೆಂಬಲ್ಲಿಂದ ಶುರುಮಾಡಿದ. ಗುರುಮಲ್ಲಯ್ಯ ಮುಳ್ಳನ್ನೇ ನೋಡುತ್ತಿದ್ದ. ಒಬ್ಬ ಹೆಂಗಸು, ಗಂಗಾಂಬಿಕೆ ಎಂಬುವಳು, ಆರತಿ ತಟ್ಟೆ ಹಿಡಿದು ಬಂದು ಸಾಹೇಬರಿಗೆ ಎತ್ತಿದಳು, ಉರಿಯಿತು. ಬಂದ ಕಾರಿಗೂ ಆಗಲಿ ಎಂದು ಮೂತಿಯ ಮುಂದೆ ಹೋದಳು.

ಗುರುಮಲ್ಲಯ್ಯ ಸ್ಟೇರಿಂಗಿನ ಹಿಂದೆ ಕಣ್ಣುಮುಚ್ಚಿದ. ತೆಗೆದಾಗ ದೀಪ ಆರಿತ್ತು. ಜೊತೆಗೆ ರೇಡಿಯೇಟರಿನ ಮುಚ್ಚಳ ಢಬ್ಬೆಂದಿತು. ಬಾನೆಟ್ಟಿನ ಸಂದುಗಳಿಂದೆಲ್ಲ ಆವಿ ಎದ್ದು ಸಾಹೇಬರನ್ನೂ ಕೆರೆಯ ಚರಿತ್ರೆಯನ್ನೂ ಮುಚ್ಚಿತು. ಒಳಗೆಲ್ಲೋ ಕಬ್ಬಿಣ ನರಳಿ, ಹಿಂದಿನ ಕೊಳವೆಯಿಂದ ಬೆಳ್ಳನೆಯ ಹೊಗೆ ಬಂದು, ಎಂಜಿನ್ನು ನಿಂತೇಹೋಯಿತು. ಜನ ಚದುರಿದರು. ಗುರುಮಲ್ಲಯ್ಯ ಆಯಿಲ್ ಕಡ್ಡಿ ಎಳೆದು ನೋಡಿದ. ಎಣ್ಣೆಗೆ ನೀರು ಬೆರೆತು ಹಾಲು ಹಾಕಿದ ಕಾಫಿಯ ಬಣ್ಣವಾಗಿತ್ತು. ಎಂಜಿನ್ನಿನ ತಲೆ ಸೀಳಿತ್ತು. ಈ ಎಂಜಿನ್ನು ಇನ್ನು ಏಳದು ಎಂಬುದನ್ನು ಲಾರಿ ಓಡಿಸಿದವನಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ರಘುನಾಥ ಸಾಹೇಬರು ಬಯ್ಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಹಾರ ತೆಗೆದು ಕೈಯಲ್ಲಿ ಹಿಡಿದುಕೊಂಡು, “ಹೋಗ್ಲಿ ಬಿಡು ಗುರುಮಲ್ಲಯ್ಯ. ಬೇಜಾರು ಮಾಡ್ಕೋಬೇಡ. ನಾವು ಬೇರೆ ಗಾಡಿ ನೋಡ್ಕೋತೀವಿ,” ಎಂದರು. ಊರ ಬಸ್ಸು ಬಂತು. ಸೀಟಿರಲಿಲ್ಲ, ಸಾಹೇಬರು ನಿಂತುಕೊಂಡೇ ಹೋದರು. ಗುರುಮಲ್ಲಯ್ಯ ಬಸ್ಸಿನ ಕಿಟಕಿಯಲ್ಲಿ ಅವರ ಟವೆಲು ಕಾಣುವ ತನಕ ನೋಡಿದ. ಬೋರ್ಡು ಸೀಟಿನ ಕೆಳಗೇ ಇತ್ತು. ಅಲ್ಲಿಗೂ ಕುದಿನೀರು ಸೋರಿ ಬಂದು, ಅದಕ್ಕೆ ಸುತ್ತಿದ್ದ ಪಂಚೆ ಒದ್ದೆಯಾಗಿ ಬಣ್ಣ ಬಟ್ಟೆಗೆ ಅಂಟಿಕೊಂಡಿತ್ತು.

ಬೇಗೂರಿನಲ್ಲಿ ತೀರ್ಪು ಬೇಗ ಹೊರಬಿತ್ತು. ಮಾದಪ್ಪನಿಗೆ ಹೇಳಿಕೊಂಡು ಗೋಪಾಲಸ್ವಾಮಿಯ ಹತ್ತಿರ ಹೋದರೆ ಇನ್ನೇನಾಗುತ್ತದೆ? ಬೆಟ್ಟಯ್ಯ ಈ ತೀರ್ಪಿಗೆ ಎಲ್ಲರಿಗಿಂತ ಜೋರಾಗಿ ಸಹಮತ ಸೂಚಿಸಿದ.

ಎಳೆದು ತಂದ ಕಾರು ಮನೆಯ ಮುಂದಿನ ಹೊಂಗೆ ಮರದಡಿ ನಿಂತಿತು. ಕೋಳಿಗಳು ಅದರ ಕೆಳಗೆ ಮಲಗಲು ಕಲಿತವು. ಮಾರ್ಚಿನಲ್ಲಿ ಸುಲ್ತಾನ್ ಬತ್ತೇರಿಯಿಂದ ಹಳೇ ಗಾಡಿ ಕೊಳ್ಳುವ ವ್ಯಾಪಾರಿಯೊಬ್ಬ ಬಂದ. ಎಂಜಿನ್ನು ಹೋಗಿದೆಯೆಂದು ತಿಳಿದೇ ಬಂದವನು, ಉಳಿದದ್ದರಲ್ಲಿ ಯಾವುದಕ್ಕೆ ಜೀವವಿದೆ ಎಂದು ನೋಡಲು ತಾನು ತಂದ ಬ್ಯಾಟರಿ ಕಟ್ಟಿದ. ಲೈಟು ಹತ್ತಿತು. ಹಾರನ್ ಆಯಿತು. ಫ್ಯಾನು ತಿರುಗಿತು. ಅವನು ಬಾಯಲ್ಲಿ ಬೀಡಿ ಕಚ್ಚಿಕೊಂಡು ಮೂತಿಯ ಕಡೆ ಬಗ್ಗಿದ. ಹೊಗೆ ತಿರುಗಿ ಅವನ ಕಣ್ಣಿಗೇ ಹೊಡೆಯಿತು. ಅವನು ಬೀಡಿ ತೆಗೆದು, ಅಂಗೈಯನ್ನು ಜಾಲರಿಯ ಮುಂದೆ ಹಿಡಿದು, ನಗತೊಡಗಿದ.

“ಎಂದಾ ಚೇಟಾ, ಏನಣ್ಣ ಇದು? ಫ್ಯಾನ್ ಉಲ್ಟಾ ಉಂಟಲ್ಲ! ಗಾಳಿ ಒಳಗೆ ಹೋಗ್ಬೇಕು, ಇದು ಹೊರಗೆ ಬರ್ತದೆ. ಯಾರು ಮಾಡಿದ್ದು?”

ವ್ಯಾಪಾರಿ ಇಕ್ಕಳ ತೆಗೆದು ಎರಡು ಕೆಂಪು ತಂತಿಗಳನ್ನು ಬಿಚ್ಚಿ, ಅದಲುಬದಲು ಮಾಡಿ ತಿರುಚಿದ. ಬೀಡಿ ಇನ್ನೂ ಉರಿಯುತ್ತಿತ್ತು. ಈಗ ಅದರ ಹೊಗೆ ತೆಳ್ಳಗೆ ದಾರದಂತೆ ಎಳೆದುಕೊಂಡು ಕಾರಿನೊಳಕ್ಕೆ ಹೋಯಿತು.

“ಕಂಡಾ? ಅಷ್ಟೇ.”

“ಒಂದ್ನಿಮಿಷ ತಡೀರಿ,” ಎಂದ ಗುರುಮಲ್ಲಯ್ಯ. ಒಳಗೆ ಹೋಗಿ ಹೆಂಡತಿಯನ್ನು ಕರೆದ. “ಕರ್ಪೂರ ತಕ್ಕಂಡು ಬಾ ಕಣಮ್ಮಿ.”

“ಮಾರೋ ಕಾರಿಗ್ಯಾಕ ಈಗ?”

“ತಕ್ಕಂಡು ಬಾ.”

ಪುಟ್ಟಸಿದ್ದಮ್ಮ ತಟ್ಟೆಯಲ್ಲಿ ಕರ್ಪೂರ ಹಚ್ಚಿ, ಅಂಗೈ ಮರೆ ಮಾಡಿಕೊಂಡು, ಹೆದರುತ್ತ ಮೂತಿಯ ಮುಂದೆ ಹಿಡಿದಳು. ಜ್ವಾಲೆ ಕಾರಿನ ಕಡೆಗೆ ಬಾಗಿತು. ಆರಲಿಲ್ಲ.

“ತಕ್ಕಂತು ನೋಡಿ,” ಎಂದಳು ಅವಳು, ಕಣ್ಣರಳಿಸಿ. “ಈಗ ತಕ್ಕಂತು! ಇನ್ಯಾಕ ಮಾರೀರಿ? ದೇವ್ರು ಒಪ್ಕಂಡವ್ನೆ!”

ಗುರುಮಲ್ಲಯ್ಯ ಕೀ ತೆಗೆದು ವ್ಯಾಪಾರಿಯ ಕೈಗಿಟ್ಟ. ಅವನು ಹಗ್ಗ ಕಟ್ಟಿ ಐರಾವತವನ್ನು ತನ್ನ ಜೀಪಿನ ಹಿಂದೆ ಎಳೆದುಕೊಂಡು ಕೇರಳದ ದಾರಿ ಹಿಡಿದ.

ಮಳೆ ಬಿದ್ದ ಮೇಲೆ ಗುರುಮಲ್ಲಯ್ಯ ಅಣ್ಣನ ಮನೆಯ ಅಟ್ಟದಿಂದ ಗುದ್ದಲಿ ಇಳಿಸಿಕೊಂಡ. ಹಿಡಿ ಸಡಿಲವಾಗಿದ್ದದ್ದನ್ನು ನೋಡಿ ಸೋಮಯ್ಯ ತಾನೇ ಒಂದು ಬೆಣೆ ಹೊಡೆದುಕೊಟ್ಟ. ತಮ್ಮನ ಕೈಗೆ ಬೊಬ್ಬೆ ಬಂದವು. ಹೆಸರು ಬದಲಿಸಿಕೊಳ್ಳುವ ಪ್ರತಿಜ್ಞೆಯನ್ನು ಟೀ ಅಂಗಡಿಯವರು ಮರೆತಿರಲಿಲ್ಲ. “ಬಾಪ್ಪ, ನಿನ್ನ ಹೊಸ ಹೆಸ್ರೇನು?” ಎಂದು ಬಹಳ ದಿನ ಕೇಳಿದರು. ಆಮೇಲೆ ಅವರಿಗೂ ಸಾಕಾಯಿತು.

ಮುಸುಕಿನ ಜೋಳ ಬಂದಾಗ ಅಣ್ಣ ಅವನನ್ನು ಹೆದ್ದಾರಿಯ ಪಕ್ಕಕ್ಕೆ ಕೂರಿಸಿದ. ಊಟಿಗೆ ಹೋಗುವವರು ಅಲ್ಲಿ ನಿಲ್ಲಿಸಿ ಸುಟ್ಟ ಜೋಳ ತಿನ್ನುತ್ತಾರೆ. ಕೆಂಡಕ್ಕೆ ಗಾಳಿ ಹಾಕಲು ಒಂದು ತಗಡು ಬೇಕಿತ್ತು. ಅದು ಮನೆಯಲ್ಲಿತ್ತು. ಕೆಂಪು ಬಣ್ಣ ಅಲ್ಲಲ್ಲಿ ಎದ್ದು, ‘ಸೇವೆಯಲ್ಲಿ’ ಎಂಬಷ್ಟೇ ಓದಲು ಬರುತ್ತಿತ್ತು. ಬೀಸಿದರೆ ಕಿಡಿ ಚೆನ್ನಾಗಿ ಏಳುತ್ತಿದ್ದವು.

ಕಾರುಗಳು ಬಂದು ನಿಲ್ಲುತ್ತವೆ. ಈಗ ಹೆಚ್ಚಿನವು ಆ ಹೊಸ ಮಾದರಿಯವೇ. ಜನ ಇಳಿದು ಮೈಮುರಿದು ಉಪ್ಪು ಖಾರ ಜಾಸ್ತಿ ಹಾಕೆಂದು ಹೇಳುವಾಗ, ಗುರುಮಲ್ಲಯ್ಯ ಕೆಂಡದ ಮೇಲೆ ತೆನೆ ಇಟ್ಟು ಎದ್ದು ಹೋಗುತ್ತಾನೆ. ಕೈಯಲ್ಲಿ ಜೋಳದ ಒಣ ಸಿಪ್ಪೆಯ ಒಂದು ಎಳೆ. ಒಳಗೆ ಫ್ಯಾನು ತಿರುಗುವ ಸದ್ದು ಕೇಳಿದರೆ ಆ ಎಳೆಯನ್ನು ಕಾರಿನ ಮೂತಿಯ ಮುಂದೆ ಹಿಡಿಯುತ್ತಾನೆ. ಅದು ಒಳಕ್ಕೆಳೆದುಕೊಂಡು ಜಾಲರಿಗೆ ಅಂಟಿಕೊಳ್ಳುತ್ತದೆ. ತೆಗೆದುಕೊಂಡು ವಾಪಸು ಬಂದು ಕೂತು ಬೀಸುತ್ತಾನೆ.

ಕಾರಿನವರು ಇದು ಈ ಕಡೆಯ ಏನೋ ಸಂಪ್ರದಾಯ ಇರಬೇಕೆಂದು ಸುಮ್ಮನಿರುತ್ತಾರೆ. ಇದುವರೆಗೆ ಒಂದಾದರೂ ಉಲ್ಟಾ ಫ್ಯಾನು ಅವನಿಗೆ ಸಿಕ್ಕಿಲ್ಲ.